ಬಿರುಬೇಸಿಗೆಯಲ್ಲಿ ಕ್ಯಾಂಪರ್ ಟ್ರೇಲರನ್ನು ತಂಪಾಗಿಡುವ ಬಗೆ

ಅಮೆರಿಕದ ಅರಿಜೋನಾ ರಾಜ್ಯದ ಮರುಭೂಮಿಯಲ್ಲಿ ಜೂನ್ ತಿಂಗಳ ಮಧ್ಯಾಹ್ನ 40 ಡಿಗ್ರಿ ಸೆಲ್ಸಿಯಸ್ ದಾಟುವುದು ಸಾಮಾನ್ಯ. ಗಾಡಿಗೆ ಕಟ್ಟಿ ಎಳೆದೊಯ್ಯುವ ಚಕ್ರದ ಮನೆಯಾದ ಕ್ಯಾಂಪರ್ ಟ್ರೇಲರಿನ ಗೋಡೆ ಒಂದೂವರೆ, ಎರಡು ಅಂಗುಲವಷ್ಟೇ ದಪ್ಪವಿರುವುದರಿಂದ, ಒಳಹೊಕ್ಕ ಧಗೆಯನ್ನು ಎ.ಸಿ.ಯಿಂದ ಹೊರದಬ್ಬುವುದಕ್ಕಿಂತ ಅದು ಒಳಬಾರದಂತೆ ತಡೆಯುವುದೇ ಸುಲಭ.

ಮೊದಲು ನೋಡಬೇಕಾದದ್ದು ನಿಲ್ಲಿಸುವ ದಿಕ್ಕು. ಅಮೆರಿಕದ ಟ್ರೇಲರುಗಳಲ್ಲಿ ಬಾಗಿಲೂ ಆನಿಂಗ್ ಎಂಬ ಬಟ್ಟೆಯ ಚಪ್ಪರವೂ ಸಾಮಾನ್ಯವಾಗಿ ಬಲಬದಿಗಿರುತ್ತವೆ. ಆದ್ದರಿಂದ ಮುಂಭಾಗವನ್ನು ದಕ್ಷಿಣಕ್ಕೆ ಮಾಡಿ ನಿಲ್ಲಿಸಿದರೆ ಚಪ್ಪರದ ನೆರಳು ಪಶ್ಚಿಮದ ಗೋಡೆಗೆ ಬೀಳುತ್ತದೆ. ಸಂಜೆಯ ಓರೆಬಿಸಿಲು ಅದರಡಿಯಲ್ಲೂ ನುಸುಳುವುದರಿಂದ ಹೊರ ಅಂಚಿಗೆ ಜಾಲರಿ ಬಟ್ಟೆ ಇಳಿಬಿಡಬೇಕು. ಗಾಳಿ ಎದ್ದರೆ ಮಾತ್ರ ಎಲ್ಲವನ್ನೂ ತಕ್ಷಣ ಸುತ್ತಿಡಬೇಕು. ಚಪ್ಪರವಿಲ್ಲದಿದ್ದರೆ ಕಿರಿದಾದ ಮುಂಭಾಗವನ್ನೇ ಪಶ್ಚಿಮಕ್ಕೆ ತಿರುಗಿಸುವುದು ಲೇಸು. ಕಿಟಕಿಗೆ ಹೊರಗಿನಿಂದ ಕಟ್ಟಿದ ಮರೆ ಒಳಪರದೆಗಿಂತ ಮೇಲು. ಚಾವಣಿಯ 14 ಅಂಗುಲದ ಗವಾಕ್ಷಿಗೆ ಹಗಲಿನಲ್ಲಿ ದಪ್ಪ ಫೋಮ್ ದಿಂಬು ತುರುಕಿಡಬೇಕು. ರಾತ್ರಿ ಹೊರಗೆ ತಂಪಾದ ಮೇಲೆ ಅದನ್ನು ತೆಗೆದು, ಫ್ಯಾನನ್ನು ಹೊರಮುಖವಾಗಿ ತಿರುಗಿಸಿ, ಒಂದು ಕಿಟಕಿ ತೆರೆದಿಟ್ಟರೆ ಬಿಸಿಗಾಳಿ ಹೊರಹೋಗುತ್ತದೆ.

ಚಾವಣಿಯ ಎ.ಸಿ. ಸಾಮಾನ್ಯವಾಗಿ 13,500 ಅಥವಾ 15,000 ಬಿ.ಟಿ.ಯು. (ತಂಪುಗೊಳಿಸುವ ಶಕ್ತಿಯ ಅಳತೆ) ಸಾಮರ್ಥ್ಯದ್ದಾಗಿರುತ್ತದೆ. ಅದು ಎಳೆದುಕೊಂಡ ಗಾಳಿಯನ್ನು ಒಂದು ಸುತ್ತಿಗೆ ಹತ್ತು ಡಿಗ್ರಿಯ ಆಸುಪಾಸು ಮಾತ್ರ ತಣಿಸಬಲ್ಲದು. ಹಾಗಾಗಿ ಟ್ರೇಲರ್ ಕಾದ ಮೇಲೆ ಒತ್ತುವ ಬದಲು ಬೆಳಿಗ್ಗೆಯೇ ಚಾಲೂ ಮಾಡಬೇಕು. ಹೊಸ ಟ್ರೇಲರಿನಲ್ಲೂ ಒಂದು ದೋಷ ಕಾಣಸಿಗುತ್ತದೆ. ವಿದ್ಯುತ್ ಸಂಪರ್ಕ ತಪ್ಪಿಸಿ, ಎ.ಸಿ.ಯ ಕೆಳಗಿನ ಜಾಳಿಗೆ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದರೆ, ತಣ್ಣನೆಯ ಗಾಳಿ ಬರುವ ಭಾಗಕ್ಕೂ ಕೋಣೆಯ ಗಾಳಿ ಹಿಂದಿರುಗುವ ಭಾಗಕ್ಕೂ ನಡುವಿನ ಅಡ್ಡಗೋಡೆಯಲ್ಲಿ ಬೆರಳು ತೂರುವಷ್ಟು ಸಂದುಗಳಿರುವುದುಂಟು. ತಂಪುಗಾಳಿ ಅಲ್ಲಿಂದಲೇ ವಾಪಸಾಗುವುದರಿಂದ ಹಾಸಿಗೆಯ ಬಳಿ ಸೆಕೆ ಹಾಗೆಯೇ ಉಳಿಯುತ್ತದೆ, ಎ.ಸಿ.ಯೊಳಗೆ ಮಂಜು ಕಟ್ಟುವುದೂ ಉಂಟು. ಅಲ್ಯೂಮಿನಿಯಂ ಅಂಟುಪಟ್ಟಿಯಿಂದ ಈ ಸಂದುಗಳನ್ನು ಮುಚ್ಚಿ, ಫಿಲ್ಟರನ್ನೂ ತೊಳೆದು ಒಣಗಿಸಿ ಹಾಕಿದರೆ ಅಲ್ಪ ಖರ್ಚಿನಲ್ಲಿ ದೊಡ್ಡ ವ್ಯತ್ಯಾಸ ಕಾಣುತ್ತದೆ.

120 ವೋಲ್ಟಿನ 30 ಆಂಪಿಯರ್ ಸಂಪರ್ಕದಲ್ಲಿ ಸಿಗುವುದು 3,600 ವ್ಯಾಟ್ ಮಾತ್ರ. ಎ.ಸಿ., ಮೈಕ್ರೋವೇವ್ ಮತ್ತು ವಿದ್ಯುತ್ತಿನಿಂದ ಕಾಯುವ ನೀರಿನ ಹೀಟರ್ ಒಟ್ಟಿಗೆ ಓಡಿದರೆ ಬ್ರೇಕರ್ ಬೀಳುತ್ತದೆ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರ್ ಅಂತೂ ಬೇಡವೇ ಬೇಡ. ಅಡುಗೆಯನ್ನು ಹೊರಗಿನ ಒಲೆಯಲ್ಲಿ ಮಾಡಬೇಕು. ಕುಕ್ಕರನ್ನು ಒಳಗೆ ಮೂರು ಸಲ ಕೂಗಿಸಿದರೆ ಆ ಆವಿಯನ್ನು ಇಂಗಿಸುವ ಕೆಲಸವೂ ಎ.ಸಿ.ಯ ತಲೆಗೇ ಬರುತ್ತದೆ. ಹಗಲಿನಲ್ಲಿ ವಿದ್ಯುತ್ ಕೈಕೊಟ್ಟರೆ ಒಳಗಿನ ಬಿಸಿ ಬೇಗನೆ ಏರುವುದರಿಂದ, ಎ.ಸಿ.ಯನ್ನು ನಂಬಿ ಮಕ್ಕಳನ್ನಾಗಲಿ ನಾಯಿಯನ್ನಾಗಲಿ ಒಳಗೆ ಬಿಟ್ಟು ಹೋಗಬಾರದು.

ಇದಾವುದೂ ಸಾಲದಷ್ಟು ಬಿಸಿಲಿದ್ದರೆ ಎತ್ತರಕ್ಕೆ ಹೋಗುವುದೇ ಸರಿ. ಅರಿಜೋನಾದಲ್ಲೇ ಫೀನಿಕ್ಸ್ ನಗರ ಸಮುದ್ರಮಟ್ಟದಿಂದ ಸುಮಾರು 330 ಮೀಟರ್ ಎತ್ತರದಲ್ಲಿದ್ದರೆ ಫ್ಲ್ಯಾಗ್‌ಸ್ಟಾಫ್ ಸುಮಾರು 2,100 ಮೀಟರ್ ಎತ್ತರದಲ್ಲಿದೆ. ಕೆಲವೇ ಗಂಟೆಗಳ ದಾರಿಯಲ್ಲಿ ಉಷ್ಣಾಂಶ ಹತ್ತು ಡಿಗ್ರಿಗೂ ಹೆಚ್ಚು ಇಳಿಯುತ್ತದೆ. ದಾರಿಯುದ್ದಕ್ಕೂ ಕಡಿದಾದ ಏರುಗಳಿರುವುದರಿಂದ ಟ್ರೇಲರ್ ಎಳೆಯುವ ಗಾಡಿಯ ಎಂಜಿನ್ ಕಾಯದಂತೆ ಮುಂಜಾನೆಯೇ ಹೊರಡಬೇಕು.