ಕಡಲೆ ಬಿತ್ತುವ ಮೊದಲು 100 ಕಾಳು ಎಣಿಸಿ
ಯಲಬುರ್ಗಾ, ಕುಷ್ಟಗಿ ಕಡೆ ಎರೆ ಹೊಲದಲ್ಲಿ ಹಿಂಗಾರಿಗೆ ಮನೇಲೇ ಇಟ್ಟುಕೊಂಡ ಕಡಲೆ ಬೀಜ ಬಿತ್ತುವವರು ಇದೊಂದು ಮಾಡಿ. ಬಿತ್ತೋಕೆ 10 ದಿನ ಮೊದಲೇ ಚೀಲದ ಮೇಲಿಂದ, ನಡುವಿಂದ, ತಳದಿಂದ ಕಾಳು ತೆಗೆದು ಕಲಸಿ. ಕಣ್ಣು ಮುಚ್ಚಿ 100 ಎಣಿಸಿ, ಹಸಿ ಗೋಣಿತಟ್ಟಿನ ಮೇಲೆ ಸಾಲಾಗಿ ಇಟ್ಟು ಸುರುಳಿ ಸುತ್ತಿ ನೆರಳಲ್ಲಿಡಿ. ದಿನಾ ಸ್ವಲ್ಪ ನೀರು ಚಿಮುಕಿಸಿ. ಒಂದು ವಾರಕ್ಕೆ ಬಿಚ್ಚಿ, ಗಟ್ಟಿ ಬೇರು ಬಿಟ್ಟಿದ್ದನ್ನಷ್ಟೇ ಲೆಕ್ಕ ಹಿಡಿಯಿರಿ. 85 ಮೊಳೆತರೆ ನಿಶ್ಚಿಂತೆ. 70 ಬಂದರೆ ಎಕರೆಗೆ 20 ಕೆಜಿ ಹಾಕುವಲ್ಲಿ 24 ಹಾಕಿ. 50ಕ್ಕಿಂತ ಕಮ್ಮಿ ಇದ್ದರೆ ಆ ಬೀಜ ಬಿಟ್ಟುಬಿಡಿ. ಒಳಗೆ ಹುಳ ಹೊಕ್ಕ ಕಾಳು, ತೇವ ತಗುಲಿದ ಕಾಳು ಎಷ್ಟೋ ಸಲ ಮೇಲೆ ಚೆನ್ನಾಗೇ ಕಾಣುತ್ತೆ, ಒಳಗಿನ ಜೀವ ಹೋಗಿರುತ್ತೆ. ಅದು ನೀರು ತಾಗಿದಾಗಲೇ ಗೊತ್ತಾಗೋದು. ಕಣ್ಣು ಮುಚ್ಚಿ ಅಂದದ್ದು ಸುಮ್ನೆ ಅಲ್ಲ. ಎರಡು ವರ್ಷ ಬರ ಕಂಡವರ ಕೈ ತಾನಾಗೇ ದಪ್ಪ ಕಾಳಿಗೇ ಹೋಗುತ್ತೆ, ಈ ಸಲವಾದರೂ ಬೆಳೆ ಬರಲಿ ಅಂತ ಮನಸ್ಸು ಹಂಬಲಿಸುತ್ತೆ ಅಲ್ವಾ? ಆ ಆಸೆ ಲೆಕ್ಕ ಕೆಡಿಸುತ್ತೆ. ತಟ್ಟು ನೀರು ತೊಟ್ಟಿಕ್ಕುವಷ್ಟು ಒದ್ದೆಯಾದರೆ ಒಳ್ಳೆ ಕಾಳೂ ಕೊಳೆಯುತ್ತೆ, ಹಿಂಡಿ ಹಾಸಿ. ಹೊಲದಲ್ಲಿ ಹಸಿ ಆರಿಹೋಗಿದ್ದರೆ ಗೋಣಿಯಲ್ಲಿ 90 ಮೊಳೆತ ಬೀಜವೂ ಮೇಲೆ ಏಳೋದಿಲ್ಲ. ಗಿಡ ಸೊರಗಿ ಒಣಗುವ ನೆಟೆ ರೋಗ ಬರುತ್ತಾ ಇಲ್ವಾ ಅನ್ನೋದೂ ಇದರಲ್ಲಿ ತಿಳಿಯಲ್ಲ, ಅದಕ್ಕೆ ಟ್ರೈಕೋಡರ್ಮಾ ಅನ್ನೋ ಉಪಕಾರಿ ಶಿಲೀಂಧ್ರದ ಬೀಜೋಪಚಾರ ಬೇರೆ ಮಾಡಲೇಬೇಕು. ಮಳೆ ಬಿದ್ದ ಮೇಲೆ ಪರೀಕ್ಷೆ ಮಾಡೋಣ ಅಂತ ಕೂರಬೇಡಿ. ಪಕ್ಕದ ಹೊಲದಲ್ಲಿ ಕೂರಿಗೆ ಹೊರಟಿತು ಅಂದರೆ ಯಾರ ಕಾಲೂ ಮನೇಲಿ ನಿಲ್ಲಲ್ಲ.