ಎಂದೆಂದಿಗೂ ಒಡೆಯದ ಧ್ವನಿ ಸಂದೇಶ: ಮೊದಲು ಕಿರಿದಾಗಿಸಿ, ಆಮೇಲೆ ಮುಚ್ಚಿ

ಎದುರಾಳಿಯ ಬಳಿ ಎಷ್ಟೇ ಬಲಶಾಲಿ ಕಂಪ್ಯೂಟರ್ ಇರಲಿ, ಎಷ್ಟೇ ವರ್ಷಗಳ ಕಾಲಾವಕಾಶ ಇರಲಿ, ಕದ್ದು ಓದಿದ ಸಂದೇಶದಿಂದ ಅವನಿಗೆ ಏನೂ ತಿಳಿಯಬಾರದು ಎಂಬುದು ಮಾಹಿತಿ ಸಿದ್ಧಾಂತದ ಮಟ್ಟದ ಭದ್ರತೆ. ಸಂದೇಶದಲ್ಲಿ ಎಷ್ಟು ಮಾಹಿತಿ ಇದೆಯೋ ಕನಿಷ್ಠ ಅಷ್ಟು ಗುಪ್ತ ಕೀಲಿ (ಕಳಿಸುವವರು ಮತ್ತು ಪಡೆಯುವವರಿಗೆ ಮಾತ್ರ ಗೊತ್ತಿರುವ, ಊಹಿಸಲಾಗದ ಬಿಟ್‌ಗಳ ಸಾಲು) ಇದಕ್ಕೆ ಬೇಕೆಂದು ಅಮೆರಿಕದ ಗಣಿತಜ್ಞ ಕ್ಲಾಡ್ ಶಾನನ್ 1949ರಲ್ಲಿ ತೋರಿಸಿದರು. ಎಷ್ಟು ದೋಷವನ್ನು ಸಹಿಸಿಕೊಂಡರೆ ಎಷ್ಟು ಬಿಟ್ ಸಾಕು ಎಂಬ ಲೆಕ್ಕವನ್ನು 1959ರಲ್ಲಿ ಅವರೇ ಬೆಳೆಸಿದರು. ಎರಡನ್ನೂ ಜೋಡಿಸಿ ನೋಡಿದರೆ, ಗುಣಮಟ್ಟದಲ್ಲಿ ನಾವು ಬಿಟ್ಟುಕೊಡುವುದೆಲ್ಲ ಕೀಲಿಯಲ್ಲಿ ಉಳಿತಾಯವಾಗುತ್ತದೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯ ಕಟ್ಟಿದ, 1943ರ ಜುಲೈಯಲ್ಲಿ ಪೆಂಟಗನ್ ಮತ್ತು ಲಂಡನ್ ನಡುವೆ ಕೆಲಸ ಆರಂಭಿಸಿದ ಸಿಗ್‌ಸಾಲಿ ಯಂತ್ರ ಇದನ್ನೇ ಮಾಡಿತ್ತು. ಅದು ಮಾತನ್ನು ಹನ್ನೆರಡು ವಾಹಿನಿಗಳಾಗಿ ಒಡೆದು, ಪ್ರತಿಯೊಂದನ್ನೂ ಸೆಕೆಂಡಿಗೆ 50 ಬಾರಿ ಆರು ಹಂತಗಳಲ್ಲಿ ಅಳೆಯುತ್ತಿತ್ತು. ಅಂದರೆ ಇಡೀ ಮಾತು ಸೆಕೆಂಡಿಗೆ ಸುಮಾರು 1,550 ಬಿಟ್‌ಗಳಿಗೆ ಇಳಿಯುತ್ತಿತ್ತು. ಧ್ವನಿಯ ಸಹಜತೆ ಹೋದರೂ ಅರ್ಥ ಉಳಿಯುತ್ತಿತ್ತು. ಕೀಲಿಯನ್ನು ಗ್ರಾಮಫೋನ್ ತಟ್ಟೆಗಳಲ್ಲಿ ಅಚ್ಚು ಹಾಕಿ ಎರಡೂ ತುದಿಗಳಿಗೆ ಮೊದಲೇ ಸಾಗಿಸುತ್ತಿದ್ದರು.

ಇಂದು ಒಂದು ನಿಮಿಷದ ಮಾತಿಗೆ ಇದನ್ನೇ ಮಾಡಲು, ಮೊದಲು ಮಾತನ್ನು ಧ್ವನಿ ಕಿರಿದಾಗಿಸುವ ಓಪಸ್ ಕೋಡೆಕ್‌ನಲ್ಲಿ ಸೆಕೆಂಡಿಗೆ 8 ಕಿಲೋಬಿಟ್ ದರಕ್ಕೆ ಕಂಪ್ರೆಸ್ ಮಾಡಿ. ದರ ಸ್ಥಿರವಾಗಿರಲಿ, ಮೌನ ಬಂದಾಗ ಪ್ಯಾಕೆಟ್ (ಮಾತಿನ ದತ್ತಾಂಶದ ಚಿಕ್ಕ ತುಂಡು) ಕಳಿಸದಿರುವ ಸೌಲಭ್ಯವನ್ನು ಆರಿಸಿಬಿಡಿ. ಮೊದಲು ಕಂಪ್ರೆಸ್, ಆಮೇಲೆ ಗೂಢಲಿಪಿ ಎಂಬ ಈ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ, ಏಕೆಂದರೆ ಗೂಢಲಿಪಿಯಾದ ಮೇಲೆ ಫೈಲು ಶುದ್ಧ ಗದ್ದಲದಂತಾಗಿ, ಮತ್ತೆ ಕಿರಿದಾಗುವುದಿಲ್ಲ.

ನಂತರ ಉದ್ದವನ್ನು ಮರೆಮಾಡಬೇಕು. ಬಹಳಷ್ಟು ಜನ ಅಲಕ್ಷಿಸುವ ಹಂತ ಇದು, ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದೂ ಇದೇ. ಬದಲಾಗುವ ದರದಲ್ಲಿ ಕಂಪ್ರೆಸ್ ಮಾಡಿದ ಅಂತರ್ಜಾಲ ಕರೆಗಳಲ್ಲಿ, ಗೂಢಲಿಪಿಯನ್ನು ಮುಟ್ಟದೆ ಬರೀ ಪ್ಯಾಕೆಟ್‌ಗಳ ಅಳತೆಯನ್ನು ನೋಡಿಯೇ ಆಡಿದ ವಾಕ್ಯಗಳನ್ನು ಗುರುತಿಸಬಹುದೆಂದು ಅಮೆರಿಕದ ಸಂಶೋಧಕರು 2008ರಲ್ಲಿ ತೋರಿಸಿದ್ದಾರೆ. ಕಂಪ್ರೆಷನ್ ಎಷ್ಟು ಜಾಣತನದ್ದೋ, ಅದರ ಅಳತೆ ಅಷ್ಟು ಗುಟ್ಟು ಬಿಟ್ಟುಕೊಡುತ್ತದೆ. ಆದ್ದರಿಂದ ಫೈಲಿನ ನಿಜವಾದ ಉದ್ದವನ್ನು ಮೊದಲ ನಾಲ್ಕು ಬೈಟ್‌ಗಳಲ್ಲಿ ಬರೆದು, ಉಳಿದ ಜಾಗಕ್ಕೆ ಸೊನ್ನೆ ತುಂಬಿ, ಪ್ರತಿ ಸಂದೇಶವನ್ನೂ 80,000 ಬೈಟ್‌ಗೆ ಸಮ ಮಾಡಿ. ಅದೇ ಮಾತನ್ನು ಸೆಕೆಂಡಿಗೆ 8,000 ಮಾದರಿ, ಮಾದರಿಗೆ 16 ಬಿಟ್‌ನಂತೆ ಕಂಪ್ರೆಸ್ ಮಾಡದೆ ಕಳಿಸಿದ್ದರೆ 9,60,000 ಬೈಟ್ ಬೇಕಾಗುತ್ತಿತ್ತು. ಕೀಲಿಯ ಖರ್ಚು ಹನ್ನೆರಡನೆಯ ಒಂದು ಭಾಗಕ್ಕೆ ಇಳಿಯಿತು.

ಕೀಲಿಯನ್ನು ಮಾತ್ರ ಭೌತಿಕ ಗದ್ದಲದಿಂದಲೇ, ಅಂದರೆ ವಿದ್ಯುತ್ ಉಪಕರಣಗಳಲ್ಲಿ ತಾನಾಗಿ ಆಗುವ ಊಹಿಸಲಾಗದ ಏರಿಳಿತದಿಂದಲೇ ಪಡೆಯಬೇಕು. ಕಂಪ್ಯೂಟರಿನ ಕಾರ್ಯಾಚರಣೆ ವ್ಯವಸ್ಥೆ ಕೊಡುವ ಯಾದೃಚ್ಛಿಕ ಸಂಖ್ಯೆಗಳು ಚಿಕ್ಕದೊಂದು ಮೂಲಸಂಖ್ಯೆಯಿಂದ ಗಣಿತದ ಮೂಲಕ ಉದ್ದವಾದವು. ನಿತ್ಯದ ಬಳಕೆಗೆ ಅವು ಉತ್ತಮವೇ ಆದರೂ, ಅಪರಿಮಿತ ಗಣನಶಕ್ತಿಯ ಎದುರಾಳಿಯ ಮುಂದೆ ಅವುಗಳ ಭರವಸೆ ನಿಲ್ಲುವುದಿಲ್ಲ. ಸಿಗ್‌ಸಾಲಿ ಪಾದರಸದ ಆವಿಯ ಕೊಳವೆಗಳ ಗದ್ದಲವನ್ನು ಬಳಸಿತ್ತು. ಈಗ ಡಯೋಡ್ ಗದ್ದಲದ ಉಪಕರಣಗಳು ಸಿಗುತ್ತವೆ. ಅವುಗಳಿಂದ ಬರುವ ಬಿಟ್‌ಗಳಲ್ಲಿ ಸೊನ್ನೆಗೋ ಒಂದಕ್ಕೋ ಒಲವಿರಬಹುದು. ಬಿಟ್‌ಗಳು ಪರಸ್ಪರ ಸ್ವತಂತ್ರವಾಗಿದ್ದು, ಆ ಒಲವು ಬದಲಾಗದಿದ್ದರೆ ಗಣಿತಜ್ಞ ಫಾನ್ ನಾಯ್ಮನ್ ಅವರ ಉಪಾಯ ಸಾಕು: ಎರಡೆರಡಾಗಿ ಜೋಡಿಸಿ, 01 ಬಂದರೆ 0, 10 ಬಂದರೆ 1 ಎಂದು ಬರೆದುಕೊಂಡು, 00 ಮತ್ತು 11 ಜೋಡಿಗಳನ್ನು ಬಿಟ್ಟುಬಿಡಿ.

ಹೀಗೆ ಪಡೆದ ಕೀಲಿಯ 80,000 ಬೈಟ್‌ಗಳನ್ನು ಸಂದೇಶದೊಡನೆ ಬಿಟ್‌ಗೆ ಬಿಟ್ ಎಕ್ಸ್‌ಆರ್ ಮಾಡಿ. ಅಂದರೆ ಎರಡೂ ಬಿಟ್ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಇಷ್ಟರಿಂದ ಗುಟ್ಟು ಉಳಿಯುತ್ತದೆ, ಆದರೆ ದಾರಿಯಲ್ಲಿ ಯಾರಾದರೂ ಬಿಟ್‌ಗಳನ್ನು ತಿರುಗಿಸಿದರೆ ಗೊತ್ತಾಗುವುದಿಲ್ಲ. ಅದಕ್ಕಾಗಿ ಕೀಲಿಯಿಂದ ಇನ್ನೂ 32 ಹೊಸ ಬೈಟ್ ತೆಗೆದು, ಗೂಢಲಿಪಿಯ ಮೇಲೆ ಬದಲಾವಣೆಯನ್ನು ಪತ್ತೆ ಮಾಡುವ ಪಾಲಿ1305 ಎಂಬ ಲೆಕ್ಕ ಹಾಕಿ, ಬಂದ 16 ಬೈಟ್‌ಗಳ ಮುದ್ರೆಯನ್ನು ಕೊನೆಗೆ ಸೇರಿಸಿ. ಪಡೆದವರು ಮೊದಲು ಮುದ್ರೆಯನ್ನು ಪರೀಕ್ಷಿಸಲಿ. ಅದು ತಾಳೆಯಾದರೆ ಮಾತ್ರ ಕೀಲಿಯನ್ನು ಅನ್ವಯಿಸಿ, ತುಂಬಿದ ಸೊನ್ನೆಗಳನ್ನು ತೆಗೆದು, ಮಾತನ್ನು ಕೇಳಲಿ.

ಬಳಸಿದ ಕೀಲಿಯನ್ನು ಎಂದೂ ಮತ್ತೆ ಬಳಸಬಾರದು. 1940ರ ದಶಕದಲ್ಲಿ ಸೋವಿಯತ್ ಕಡೆಯವರು ಕೀಲಿಯ ಕೆಲವು ಹಾಳೆಗಳನ್ನು ಎರಡೆರಡು ಬಾರಿ ಬಳಸಿದ್ದರಿಂದಲೇ ಗೂಢಲಿಪಿ ಒಡೆಯುತ್ತಿದ್ದ ಅಮೆರಿಕದ ವೆನೋನಾ ತಂಡಕ್ಕೆ ಅವರ ಕೆಲವು ಸಂದೇಶಗಳನ್ನು ಓದಲು ಸಾಧ್ಯವಾಯಿತು. ಎಸ್‌ಎಸ್‌ಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಅಳಿಸಿದ ಫೈಲು ನಿಜಕ್ಕೂ ಅಳಿಯುತ್ತದೆಂಬ ಖಾತರಿ ಇಲ್ಲ. ಹಾಗಾಗಿ ಕೀಲಿಗಳನ್ನು ಸಿಡಿಗಳಲ್ಲಿ ಬರೆದು, ಮುಖತಃ ಕೈಗೆ ಕೊಟ್ಟು, ಒಂದು ಸಿಡಿಯ ಕೀಲಿ ಮುಗಿದೊಡನೆ ಎರಡೂ ಕಡೆಯ ಪ್ರತಿಗಳನ್ನು ಪುಡಿ ಮಾಡಿಬಿಡಿ.