ನೆರೆರಾಷ್ಟ್ರದ ಬಂದರಿನ ಒಪ್ಪಂದವನ್ನು ಓದುವ ಬಗೆ

ಚೀನಾ 2013ರಲ್ಲಿ ಘೋಷಿಸಿದ ಬೆಲ್ಟ್ ಅಂಡ್ ರೋಡ್ ಯೋಜನೆಯಿಂದ (ಹಲವು ದೇಶಗಳಲ್ಲಿ ಬಂದರು, ರಸ್ತೆ, ರೈಲುಮಾರ್ಗಗಳಿಗೆ ಹಣ ಹೂಡುವ ಯೋಜನೆ) ನೆರೆಯ ದೇಶಗಳ ಮೇಲಾಗುವ ಪರಿಣಾಮವನ್ನು ತಿಳಿಯಬಯಸುವವರು ಮೊದಲು ಭೂಪಟವನ್ನು ಬದಿಗಿಟ್ಟು ಸಾಲಪತ್ರವನ್ನು ಕೈಗೆತ್ತಿಕೊಳ್ಳಬೇಕು. ಭೂಪಟದಲ್ಲಿ ಭಾರತವನ್ನು ಸುತ್ತುವರಿದ 'ಮುತ್ತಿನ ಹಾರ', ಅಂದರೆ ಚೀನಾದ ನೆರವಿನ ಬಂದರುಗಳ ಸಾಲು, ಸುಲಭವಾಗಿ ಕಣ್ಣಿಗೆ ಬೀಳುತ್ತದೆ. ಯಾರ ದುಡ್ಡು, ಯಾರ ಹೊಣೆ ಎಂಬುದು ಅಲ್ಲಿ ಕಾಣುವುದಿಲ್ಲ.

ಅಭ್ಯಾಸಕ್ಕೆ ಶ್ರೀಲಂಕಾದ ಹಂಬನ್‌ತೋಟ ಬಂದರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮೊದಲ ಹಂತಕ್ಕೆ ಚೀನಾ ಸರ್ಕಾರದ ಎಕ್ಸಿಮ್ (ರಫ್ತು–ಆಮದು) ಬ್ಯಾಂಕ್ ಸುಮಾರು 30.7 ಕೋಟಿ ಡಾಲರ್ ಸಾಲ ಕೊಟ್ಟಿತು. 2010ರಲ್ಲಿ ಬಂದರು ತೆರೆಯಿತಾದರೂ ನಿರೀಕ್ಷಿಸಿದಷ್ಟು ಹಡಗುಗಳು ಬರಲಿಲ್ಲ. 2017ರಲ್ಲಿ ಚೈನಾ ಮರ್ಚೆಂಟ್ಸ್ ಪೋರ್ಟ್ ಕಂಪನಿ 112 ಕೋಟಿ ಡಾಲರ್‌ಗೆ ಅದನ್ನು 99 ವರ್ಷಗಳ ಗುತ್ತಿಗೆಗೆ ಪಡೆಯಿತು. ಸಾಲ ತೀರಿಸಲಾಗದೆ ಬಂದರನ್ನೇ ಒತ್ತೆ ಬಿಟ್ಟುಕೊಟ್ಟರು ಎಂಬ ಮಾತು ಅಂದಿನಿಂದ ಬಾಯಿಂದ ಬಾಯಿಗೆ ಹರಡಿದೆ. ಆದರೆ ಗುತ್ತಿಗೆಯ ಹಣ ಸೇರಿದ್ದು ದೇಶದ ವಿದೇಶಿ ವಿನಿಮಯ ಸಂಗ್ರಹಕ್ಕೆ. ಬಂದರಿನ ಸಾಲ ಸರ್ಕಾರದ ತಲೆಯ ಮೇಲೆ ಹಾಗೆಯೇ ಉಳಿಯಿತು. 2022ರ ಏಪ್ರಿಲ್‌ನಲ್ಲಿ ದೇಶ ವಿದೇಶಿ ಸಾಲದ ಮರುಪಾವತಿಯನ್ನು ನಿಲ್ಲಿಸಿದಾಗಲೂ ಆ ಸಾಲದಲ್ಲಿ ಅತಿ ದೊಡ್ಡ ಪಾಲು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಮಾರಿದ ಬಾಂಡುಗಳದಾಗಿತ್ತು. ಹಾಗಾಗಿ 'ಸಾಲದ ಬಲೆ' ಎಂಬ ಪದವನ್ನು ಬಳಸುವ ಮುನ್ನ ಸಾಲ ಕೊಟ್ಟವರ ಪಟ್ಟಿಯನ್ನು ಪೂರ್ತಿ ಓದಿ.

ಎರಡನೆಯದಾಗಿ, ಹಡಗಿಗೆ ಲಂಗರು ಹಾಕಲು ಅನುಮತಿ ಕೊಡುವವರು ಯಾರೆಂದು ಗಮನಿಸಿ. ನನ್ನ ಲೆಕ್ಕದಲ್ಲಿ ಬಡ್ಡಿದರಕ್ಕಿಂತ ಹೆಚ್ಚು ಹೇಳುವುದು ಇದೇ. 2022ರ ಆಗಸ್ಟ್‌ನಲ್ಲಿ ಉಪಗ್ರಹ ಮತ್ತು ಕ್ಷಿಪಣಿಗಳ ಜಾಡು ಹಿಡಿಯಬಲ್ಲ ಚೀನಾದ ಯುವಾನ್ ವಾಂಗ್ 5 ಹಡಗು ಇದೇ ಹಂಬನ್‌ತೋಟಕ್ಕೆ ಹೊರಟಾಗ ಭಾರತ ಆತಂಕ ವ್ಯಕ್ತಪಡಿಸಿತು. ಭೇಟಿಯನ್ನು ಮುಂದೂಡುವಂತೆ ಕೋರಿದ ಕೊಲಂಬೊ, ಕೆಲವೇ ದಿನಗಳಲ್ಲಿ ಒಪ್ಪಿಗೆ ನೀಡಿತು. 2024ರ ಜನವರಿಯಿಂದ ಒಂದು ವರ್ಷ ವಿದೇಶಿ ಸಂಶೋಧನಾ ಹಡಗುಗಳಿಗೆಲ್ಲ ತಡೆ ಹಾಕಿದ್ದು, ಯಾವ ದೇಶದ ಹೆಸರನ್ನೂ ಎತ್ತದೆ ಇಕ್ಕಟ್ಟಿನಿಂದ ಪಾರಾಗುವ ಜಾಣ ಉಪಾಯ.

ಮಾರ್ಗ ಭೂಮಿಯ ಮೇಲೆ ಸಾಗುವುದಾದರೆ ಅದು ಯಾರ ನೆಲವೆಂದು ವಿಚಾರಿಸಿ: ಇದೇ ಯೋಜನೆಯ ಭಾಗವಾದ ಚೀನಾ–ಪಾಕಿಸ್ತಾನ ಕಾರಿಡಾರ್, ಪಾಕಿಸ್ತಾನದ ವಶದಲ್ಲಿದ್ದು ಭಾರತ ತನ್ನದೆನ್ನುವ ಗಿಲ್ಗಿಟ್–ಬಾಲ್ಟಿಸ್ತಾನವನ್ನು ಹಾದುಹೋಗುವುದರಿಂದಲೇ ಭಾರತ 2017ರಲ್ಲಿ ಬೀಜಿಂಗ್‌ನಲ್ಲಿ ನಡೆದ ಬೆಲ್ಟ್ ಅಂಡ್ ರೋಡ್ ಸಮಾವೇಶದಿಂದ ದೂರ ಉಳಿಯಿತು.

ಕೊನೆಗೆ, ಸಣ್ಣ ದೇಶ ಎಷ್ಟು ಚೌಕಾಸಿ ಮಾಡಿತು ಎಂಬುದನ್ನೂ ಬರೆದುಕೊಳ್ಳಿ. ಚೀನಾದ ಯುನ್ನಾನ್‌ಗೆ ತೈಲ ಮತ್ತು ಅನಿಲದ ಕೊಳವೆಗಳು ಹೊರಡುವ ಮ್ಯಾನ್ಮಾರಿನ ಚೌಕ್‌ಫ್ಯೂದಲ್ಲಿ, ಸುಮಾರು 730 ಕೋಟಿ ಡಾಲರ್‌ನ ಬಂದರು ಯೋಜನೆಯ ಮೊದಲ ಹಂತವನ್ನು 2018ರಲ್ಲಿ ಅಲ್ಲಿನ ಸರ್ಕಾರ 130 ಕೋಟಿಗೆ ಇಳಿಸಿತು.